ಅಕ್ಕಿ ಡಬ್ಬದಲ್ಲಿ ಮೊಬೈಲು

ಮಳೆಗಾಲದ ಒಂದು ಬೆಳಿಗ್ಗೆ. ಹಿತ್ತಲ ತೊಟ್ಟಿಯಿಂದ ನೀರು ಮೊಗೆಯಲು ಬಗ್ಗಿದವನ ಅಂಗಿ ಜೇಬಿನಿಂದ ಮೊಬೈಲು ಜಾರಿ ಗುಳುಂ ಎನ್ನುತ್ತದೆ. ತೋಳುದ್ದ ಕೈ ಹಾಕಿ ಅದನ್ನು ಎತ್ತುವಷ್ಟರಲ್ಲಿ ಮನೆಮಂದಿಯೆಲ್ಲ ಸುತ್ತ ನಿಂತಿರುತ್ತಾರೆ. 'ಮೊದಲು ಸ್ವಿಚ್ ಆಫ್ ಮಾಡಣ್ಣ' ಎಂದು ತಂಗಿ. 'ಬಿಸಿಲಿಗಿಡು' ಎಂದು ಅಪ್ಪ. ನಾಲ್ಕು ದಿನದಿಂದ ಸೂರ್ಯನ ಮುಖವನ್ನೇ ಯಾರೂ ಕಂಡಿಲ್ಲ. 'ಹೇರ್ ಡ್ರೈಯರ್ ಹಿಡಿಯಿರಿ' ಎಂದು ಪಕ್ಕದ ಮನೆಯ ಹುಡುಗ. ಕೊನೆಗೆ ಗೆಲ್ಲುವುದು ಅಮ್ಮನ ಮಾತು: 'ಸುಮ್ನೆ ಅಕ್ಕಿ ಡಬ್ಬಕ್ಕೆ ಹಾಕೋ, ನಾಳೆ ಹೊತ್ತಿಗೆ ಸರಿಹೋಗುತ್ತೆ.'

ಅಕ್ಕಿ ಡಬ್ಬಕ್ಕೆ ನಮ್ಮ ಮನೆಗಳಲ್ಲಿ ಹಳೆಯ ಪ್ರತಿಷ್ಠೆಯಿದೆ. ಬಲಿತ ಮಾವು, ಸಪೋಟ, ಸೀತಾಫಲ ಎಲ್ಲ ಹಣ್ಣಾಗುವುದು ಅದರೊಳಗೇ. ಕಾಯಿ ತಾನೇ ಬಿಡುವ ಎಥಿಲೀನ್ ಅನಿಲ ಕಾಳುಗಳ ನಡುವೆ ಸಿಕ್ಕಿಕೊಂಡು ಕಾಯನ್ನು ಬೇಗ ಮಾಗಿಸುತ್ತದೆ. ಕೆಲಸ ಅನಿಲದ್ದು, ಹೆಸರು ಅಕ್ಕಿಗೆ. ನೆಂದ ಮೊಬೈಲನ್ನು ಅಕ್ಕಿಯಲ್ಲಿ ಹೂಳುವ ಪದ್ಧತಿ ಲೋಕದಲ್ಲೆಲ್ಲ ಇದೆ. ನಮ್ಮಲ್ಲಿ ಅದು ಬೇಗ ಬೇರೂರಿದ್ದರೆ ಆಶ್ಚರ್ಯವಿಲ್ಲ, ಡಬ್ಬ ಮೊದಲೇ ನಂಬಿಗಸ್ತ.

ಅಕ್ಕಿ ತೇವ ಹೀರುವುದು ನಿಜ, ಆದರೆ ಬಹಳ ನಿಧಾನ. ಹೊಸ ಚಪ್ಪಲಿ, ಬ್ಯಾಗುಗಳ ಜೊತೆ ಬರುವ ಸಿಲಿಕಾ ಜೆಲ್ ಪುಡಿಕೆಯ ಶಕ್ತಿ ಅದಕ್ಕಿಲ್ಲ. ಮೇಲಾಗಿ ಅಕ್ಕಿಯ ಹೊಟ್ಟು, ಹಿಟ್ಟು ಚಾರ್ಜಿಂಗ್ ಪಿನ್ನಿನ ಸಂದಿಗೆ ಸೇರಿಕೊಂಡರೆ ಇನ್ನೊಂದು ರಗಳೆ. 2024ರ ಆರಂಭದಲ್ಲಿ ಆಪಲ್ ಕಂಪನಿಯೇ ತನ್ನ ಬಳಕೆದಾರರಿಗೆ, ನೆಂದ ಐಫೋನನ್ನು ಅಕ್ಕಿ ಚೀಲದಲ್ಲಿ ಇಡಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ, ರಂಧ್ರಕ್ಕೆ ಹತ್ತಿ ತುರುಕಬೇಡಿ ಎಂದು ಬರೆದು ತಿಳಿಸಿತು. ಪಿನ್ನಿನ ಬಾಯಿ ಕೆಳಗೆ ಮಾಡಿ ಅಂಗೈಗೆ ಮೆಲ್ಲಗೆ ತಟ್ಟಿ, ಗಾಳಿಯಾಡುವ ಒಣ ಜಾಗದಲ್ಲಿಟ್ಟು ಕಾಯಿರಿ ಎಂಬುದಷ್ಟೇ ಅದರ ಸಲಹೆ. ಅಕ್ಕಿಯಲ್ಲಿಟ್ಟ ಫೋನು ಮಾರನೇ ದಿನ ಆನ್ ಆಯಿತು ಅಂದರೆ, ಆ ಒಂದು ದಿನ ಯಾರೂ ಅದನ್ನು ಮುಟ್ಟಲಿಲ್ಲ ಎಂಬುದೇ ಅದಕ್ಕೆ ಸಿಕ್ಕ ಚಿಕಿತ್ಸೆ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ, ಅಂದರೆ ಸಾದರ ಪತ್ರಪ್ಪ ರಸ್ತೆಯಲ್ಲಿ, ಕಪಾಟಿನಷ್ಟೇ ಅಗಲದ ರಿಪೇರಿ ಅಂಗಡಿಗಳ ಮುಂದೆ ಅರ್ಧ ಗಂಟೆ ನಿಂತರೆ ಇದರ ಮುಂದಿನ ಕಥೆ ಕಾಣುತ್ತದೆ. ರಿಪೇರಿಯವನು ಫೋನಿನ ಬೆನ್ನಿಗೆ ಬಿಸಿ ಗಾಳಿ ಕೊಟ್ಟು ಅಂಟು ಸಡಿಲಿಸುತ್ತಾನೆ, ತೆಳು ಪ್ಲಾಸ್ಟಿಕ್ ಚೂರೊಂದನ್ನು ಅಂಚಿನಲ್ಲಿ ತೂರಿಸಿ ಸುತ್ತ ಎಳೆಯುತ್ತಾನೆ, ಮುಚ್ಚಳ ಏಳುತ್ತದೆ. ಒಳಗಿನ ಬೋರ್ಡಿನ ಮೇಲೆ ಅಲ್ಲಲ್ಲಿ ಹಸಿರು ಬಿಳುಪಿನ ಹೂವು. ಹಿತ್ತಾಳೆ ಚೊಂಬನ್ನು ಹುಳಿ ಹಾಕಿ ತೊಳೆಯದೆ ಬಿಟ್ಟರೆ ಹಿಡಿಯುವಂಥದ್ದೇ ಕಿಲುಬು. ಹಾಳು ಮಾಡಿದ್ದು ಬರೀ ನೀರಲ್ಲ; ನೀರಿನಲ್ಲಿದ್ದ ಲವಣ ಮತ್ತು ಒಳಗೆ ಹರಿಯುತ್ತಿದ್ದ ಕರೆಂಟು ಸೇರಿ ಲೋಹವನ್ನು ತಿಂದಿವೆ. ಅವನು ಹಳೆಯ ಟೂತ್ ಬ್ರಷ್ಷನ್ನು ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ದ್ರಾವಣದಲ್ಲಿ ಅದ್ದಿ ಉಜ್ಜುತ್ತಾ, ತಲೆ ಎತ್ತದೆ ಕೇಳುತ್ತಾನೆ: 'ಅಕ್ಕೀಲಿ ಇಟ್ಟಿದ್ರಾ ಸಾರ್?' ಬಹುಪಾಲು ಗಿರಾಕಿಗಳು ಪೆಚ್ಚಾಗಿ ನಗುತ್ತಾರೆ. ಅಕ್ಕಿಯಲ್ಲಿಟ್ಟು ಕಾದ ಎರಡು ದಿನ ಕಿಲುಬಿಗೆ ಸಿಕ್ಕ ಬೋನಸ್ಸು.

ಹಾಗೆಂದು ಅಮ್ಮನನ್ನು ನೋಡಿ ನಗುವಂತಿಲ್ಲ. ಕಟ್ಟೆಯ ಮೇಲೆ, ಬಸ್ಸಿನ ಸೀಟಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಮೊಬೈಲು, ಫ್ರಿಜ್ಜು, ಟವರು, ಉಪಗ್ರಹಗಳ ಬಗ್ಗೆ ಕೇಳಿಬರುವ ತೀರ್ಪುಗಳಲ್ಲಿ ಪೂರ್ತಿ ಬೊಗಳೆ ಕಡಿಮೆ. ಹೆಚ್ಚಿನವು ಒಂದು ಕಾಲಕ್ಕೆ, ಒಂದು ಯಂತ್ರಕ್ಕೆ ನಿಜವಾಗಿದ್ದವು. ಯಂತ್ರ ಬದಲಾಯಿತು, ಮಾತು ಉಳಿಯಿತು. ಮಾತ್ರೆಯ ಸ್ಟ್ರಿಪ್ಪಿನ ಮೇಲೆ ಎಕ್ಸ್‌ಪೈರಿ ಡೇಟ್ ಅಚ್ಚಾಗಿರುತ್ತದೆ, ಮಾತಿನ ಮೇಲೆ ಇರುವುದಿಲ್ಲ.

ಬ್ಯಾಟರಿಯ ವಿಷಯವನ್ನೇ ನೋಡಿ. 'ಪೂರ್ತಿ ಖಾಲಿಯಾದ ಮೇಲೇ ಚಾರ್ಜಿಗೆ ಹಾಕಬೇಕು, ಇಲ್ಲದಿದ್ದರೆ ಬ್ಯಾಟರಿ ಹಾಳು' ಎಂದು ಗಟ್ಟಿಯಾಗಿ ಹೇಳುವ ಚಿಕ್ಕಪ್ಪ ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಅವರು ಮೊದಲ ಮೊಬೈಲು ಕೊಂಡಾಗ ಅಂಗಡಿಯವನೂ ಹೇಳಿದ್ದ: 'ಮೊದಲ ಸಲ ಎಂಟು ಗಂಟೆ ಚಾರ್ಜ್ ಮಾಡಿ ಸಾರ್, ಆಮೇಲೆ ಆನ್ ಮಾಡಿ.' ಇಬ್ಬರ ಮಾತೂ ನಿಕ್ಕಲ್ ಬ್ಯಾಟರಿಗಳ ಕಾಲದ್ದು. ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಅರ್ಧ ಬಳಸಿ ಮತ್ತೆ ಮತ್ತೆ ತುಂಬಿಸಿದರೆ, ಅದು ಆ ಅರ್ಧವನ್ನೇ ತನ್ನ ಪೂರ್ತಿ ಎಂದು 'ನೆನಪಿಟ್ಟುಕೊಂಡಂತೆ' ವರ್ತಿಸುತ್ತಿತ್ತು. ಇದಕ್ಕೆ ಮೆಮೊರಿ ಎಫೆಕ್ಟ್ ಎಂದೇ ಹೆಸರು ಬಿತ್ತು. ಆಗ ಚಿಕ್ಕಪ್ಪ ಹೇಳಿದ್ದು ಸರಿ.

ಈಗಿನ ಮೊಬೈಲಿನಲ್ಲಿರುವುದು ಲಿಥಿಯಂ-ಅಯಾನ್ ಬ್ಯಾಟರಿ. 1980ರಲ್ಲಿ ಜಾನ್ ಗುಡ್‌ಇನಫ್ ಅದರ ಧನಧ್ರುವಕ್ಕೆ ಕೋಬಾಲ್ಟ್ ಆಕ್ಸೈಡ್ ಹೊಂದುತ್ತದೆಂದು ತೋರಿಸಿದರು, ಅಕಿರಾ ಯೋಶಿನೊ 1985ರಲ್ಲಿ ಬಳಕೆಗೆ ಯೋಗ್ಯವಾದ ರೂಪ ಕೊಟ್ಟರು, 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದಿತು. ಈ ಇಬ್ಬರಿಗೆ, ಅವರಿಗಿಂತ ಮೊದಲು ದಾರಿ ಹಾಕಿದ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಜೊತೆಗೆ, 2019ರ ರಸಾಯನಶಾಸ್ತ್ರದ ನೊಬೆಲ್ ಬಂತು. ಗುಡ್‌ಇನಫ್‌ಗೆ ಆಗ 97 ವರ್ಷ. ಅಷ್ಟು ವಯಸ್ಸಿನಲ್ಲಿ ನೊಬೆಲ್ ಪಡೆದವರು ಇನ್ನೊಬ್ಬರಿಲ್ಲ. ಅವರ ಬ್ಯಾಟರಿಯ ಸ್ವಭಾವ ಚಿಕ್ಕಪ್ಪನ ನಿಯಮಕ್ಕೆ ತದ್ವಿರುದ್ಧ. ಪೂರ್ತಿ ಖಾಲಿ ಮಾಡುವುದೇ ಅದಕ್ಕೆ ಆಯಾಸ. ಬೇಕಾದಾಗ ಸ್ವಲ್ಪ ಸ್ವಲ್ಪ ತುಂಬಿಸಿಕೊಂಡರೆ ಅದು ಆರಾಮಾಗಿರುತ್ತದೆ. ಊಟದ ವಿಷಯದಲ್ಲಿ ಡಾಕ್ಟರು ಸಕ್ಕರೆ ಕಾಯಿಲೆಯವರಿಗೆ ಹೇಳುವ ಹಾಗೆ.

'ರಾತ್ರಿಯಿಡೀ ಚಾರ್ಜಿಗೆ ಹಾಕಿದರೆ ಬ್ಯಾಟರಿ ಸಿಡಿಯುತ್ತೆ' ಎಂಬುದು ಚಿಕ್ಕಪ್ಪನ ನಿಯಮದ ತಮ್ಮ. ತುಂಬಿದ ಮೇಲೆ ಒಳಗಿನ ಐಸಿ ತಾನಾಗಿ ಕರೆಂಟು ತಡೆಯುತ್ತದೆ, ಆದ್ದರಿಂದ ಕೊಡ ತುಂಬಿ ಚೆಲ್ಲುವ ಪ್ರಶ್ನೆಯಿಲ್ಲ. ಆದರೂ ನೂರರ ಅಂಚಿನಲ್ಲಿ ಗಂಟೆಗಟ್ಟಲೆ ಕೂರುವುದು ಬ್ಯಾಟರಿಗೆ ಇಷ್ಟವಲ್ಲ. ಅದಕ್ಕೆಂದೇ 2019ರಿಂದ ಐಫೋನುಗಳು, ಆಮೇಲೆ ಬೇರೆ ಬೇರೆ ಫೋನುಗಳು, ಶೇ. 80ಕ್ಕೆ ನಿಂತು ಬೆಳಗಿನ ಜಾವ ಉಳಿದದ್ದನ್ನು ತುಂಬಿಸುವ ಉಪಾಯ ಕಲಿತವು. ಬ್ಯಾಟರಿಯ ನಿಜವಾದ ಶತ್ರು ಬಿಸಿ. ತಲೆದಿಂಬಿನಡಿ ಫೋನಿಟ್ಟು ಚಾರ್ಜ್ ಮಾಡುವುದು, ಮೇ ತಿಂಗಳ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಡುವುದು, ಚಾರ್ಜಿಗೆ ಹಾಕಿಕೊಂಡೇ ಗೇಮ್ ಆಡುವುದು, ಈ ಮೂರರ ಬಗ್ಗೆ ಕಟ್ಟೆಯಲ್ಲಿ ಯಾರೂ ಚಕಾರ ಎತ್ತುವುದಿಲ್ಲ.

ಇನ್ನೊಂದು ಜನಪ್ರಿಯ ಆರೋಪವಿದೆ: 'ಹೊಸ ಮಾಡೆಲ್ ಬಂದ ಕೂಡಲೇ ಹಳೇದನ್ನ ಕಂಪನಿಯವರೇ ಸ್ಲೋ ಮಾಡ್ತಾರೆ. ಅಪ್‌ಡೇಟ್ ಅಂತ ಬರುತ್ತಲ್ಲ, ಅದೇ.' ಇಂಜಿನಿಯರ್ ಮಗ ಮನೆಗೆ ಬಂದಾಗ ಇದನ್ನು ಕೇಳಿ, 'ಹಾಗೆಲ್ಲ ಇರಲ್ಲಪ್ಪ' ಎಂದು ಕೈ ಬೀಸುತ್ತಾನೆ. 2017ರ ಡಿಸೆಂಬರಿನಲ್ಲಿ ಮಗ ಸೋತ, ಅಪ್ಪ ಗೆದ್ದ. ಫೋನುಗಳ ವೇಗ ಅಳೆಯುವ ಗೀಕ್‌ಬೆಂಚ್ ಎಂಬ ತಂತ್ರಾಂಶವನ್ನು ರೂಪಿಸಿದ ಜಾನ್ ಪೂಲ್, ಹಳೆಯ ಐಫೋನುಗಳ ವೇಗ ಒಂದು ಅಪ್‌ಡೇಟ್ ನಂತರ ಮೆಟ್ಟಿಲು ಮೆಟ್ಟಿಲಾಗಿ ಇಳಿದಿರುವುದನ್ನು ಗ್ರಾಫ್ ಹಾಕಿ ತೋರಿಸಿದರು. ಎರಡೇ ದಿನಗಳಲ್ಲಿ ಆಪಲ್ ಒಪ್ಪಿಕೊಂಡಿತು, ಡಿಸೆಂಬರ್ 28ಕ್ಕೆ ಕ್ಷಮೆ ಕೇಳಿತು. ವಾರಂಟಿ ಮುಗಿದ ಫೋನಿಗೆ ಬ್ಯಾಟರಿ ಬದಲಿಸುವ ದರವನ್ನು 79 ಡಾಲರಿನಿಂದ 29ಕ್ಕೆ ಇಳಿಸಿತು. ಇಟಲಿ 2018ರಲ್ಲಿ ಆಪಲ್‌ಗೆ ಒಂದು ಕೋಟಿ ಯೂರೋ, ಸ್ಯಾಮ್ಸಂಗ್‌ಗೆ 50 ಲಕ್ಷ ಯೂರೋ ದಂಡ ಹಾಕಿತು. ಫ್ರಾನ್ಸ್ 2020ರಲ್ಲಿ ಆಪಲ್‌ಗೆ ಎರಡೂವರೆ ಕೋಟಿ ಯೂರೋ ವಿಧಿಸಿತು.

ಕಂಪನಿ ಕೊಟ್ಟ ಕಾರಣವೂ ಸುಳ್ಳಲ್ಲ. ಮುದಿ ಬ್ಯಾಟರಿ ಒಮ್ಮೆಗೇ ಹೆಚ್ಚು ಕರೆಂಟು ಕೊಡಲಾರದು. ಕ್ಯಾಮೆರಾ ತೆರೆದ ಕೂಡಲೇ, ಶೇ. 30 ಚಾರ್ಜ್ ತೋರಿಸುತ್ತಿದ್ದ ಫೋನು ಸತ್ತಂತೆ ಆರಿಹೋಗುತ್ತದೆ. ಹಾಗಾಗದಿರಲೆಂದು ತಂತ್ರಾಂಶ ಪ್ರೊಸೆಸರಿನ ಓಟಕ್ಕೆ ಕಡಿವಾಣ ಹಾಕಿತು. ಇಂಜಿನಿಯರಿಂಗ್ ದೃಷ್ಟಿಯಿಂದ ಒಳ್ಳೆಯ ಪರಿಹಾರವೇ. ತಪ್ಪಾದದ್ದು ಅದನ್ನು ಗುಟ್ಟಾಗಿಟ್ಟದ್ದರಲ್ಲಿ. ಬ್ಯಾಟರಿ ಬದಲಿಸಿದರೆ ಸಾಕು ಎಂದು ತಿಳಿದಿದ್ದರೆ ಎಷ್ಟೋ ಮಂದಿ ಹೊಸ ಫೋನು ಕೊಳ್ಳುತ್ತಿರಲಿಲ್ಲ. ಅಪ್ಪನ ಮಾತಿನಲ್ಲಿ ದುರುದ್ದೇಶದ ಪಾಲು ಹೆಚ್ಚಾಗಿ ಸೇರಿತ್ತು ನಿಜ, ಆದರೆ ಮೂಗು ಸರಿಯಾದ ವಾಸನೆಯನ್ನೇ ಹಿಡಿದಿತ್ತು. ಅಲ್ಲಿಂದೀಚೆಗೆ ಮಗನೂ ಕೈ ಬೀಸುವುದನ್ನು ಕಡಿಮೆ ಮಾಡಿರಬೇಕು.

ಆ ಗೆಲುವಿನ ಹುಮ್ಮಸ್ಸಿನಲ್ಲಿ ಅಪ್ಪ ಮುಂದಿನ ಬಾಣ ಬಿಡುತ್ತಾರೆ: 'ನಮ್ಮ ಕಾಲದ ವಸ್ತು ನೋಡಿ, ಹೇಗೆ ಗಟ್ಟಿ!' ಸಾಕ್ಷಿಗೆ ಮಣಿಕಟ್ಟಿನ ಎಚ್‌ಎಂಟಿ ವಾಚು ಇದೆ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆಯ ಕೂಸು ಅದು. ಮದುವೆಯಲ್ಲಿ ಮಾವ ಕೊಟ್ಟ ಎಚ್‌ಎಂಟಿ ಇವತ್ತಿಗೂ ಕೀಲಿ ಕೊಟ್ಟರೆ ಟಿಕ್ ಟಿಕ್ ಎನ್ನುತ್ತದೆ, ಎಚ್‌ಎಂಟಿಯ ವಾಚು ಕಂಪನಿ ಮಾತ್ರ 2016ರಲ್ಲಿ ಮುಚ್ಚಿತು.

ಕಂಪನಿಗಳು ಬೇಕೆಂದೇ ವಸ್ತುವಿನ ಆಯುಷ್ಯ ಕಡಿಮೆ ಮಾಡುತ್ತವೆ ಎಂಬುದಕ್ಕೆ ಇತಿಹಾಸದಲ್ಲಿ ದಾಖಲೆಯೂ ಇದೆ. 1924ರ ಡಿಸೆಂಬರಿನಲ್ಲಿ ಜಿನೀವಾದಲ್ಲಿ ಸೇರಿದ ಓಸ್ರಾಂ, ಫಿಲಿಪ್ಸ್ ಮೊದಲಾದ ಬಲ್ಬ್ ಕಂಪನಿಗಳು ಫೀಬಸ್ ಎಂಬ ಕೂಟ ಕಟ್ಟಿದವು. ಅಲ್ಲಿಯವರೆಗೆ 1500ರಿಂದ 2000 ಗಂಟೆ ಉರಿಯುತ್ತಿದ್ದ ಬಲ್ಬು ಇನ್ನು 1000 ಗಂಟೆ ಉರಿದರೆ ಸಾಕು ಎಂದು ಗೊತ್ತುಮಾಡಿದವು. ಬಲ್ಬುಗಳನ್ನು ಪರೀಕ್ಷಿಸಿ, ಹೆಚ್ಚು ಬಾಳಿಕೆಯ ಬಲ್ಬು ಮಾಡಿದ ಸದಸ್ಯ ಕಂಪನಿಗೆ ದಂಡ ಹಾಕುತ್ತಿದ್ದವು. ಗಟ್ಟಿ ಮಾಲು ಮಾಡಿದ್ದಕ್ಕೆ ದಂಡ! ಎರಡನೇ ಮಹಾಯುದ್ಧ ಬಂದು ಕೂಟ ಮುರಿಯಿತು. ಇದಕ್ಕೆದುರಾಗಿ ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಅಗ್ನಿಶಾಮಕ ಠಾಣೆಯ ಬಲ್ಬನ್ನು ಜನ ತೋರಿಸುತ್ತಾರೆ. 1901ರಲ್ಲಿ ಹಚ್ಚಿದ್ದು ಇನ್ನೂ ಉರಿಯುತ್ತಿದೆ. ಉರಿಯುತ್ತಿದೆ ಅಂದರೆ ಎಷ್ಟು? ಸುಮಾರು ನಾಲ್ಕು ವ್ಯಾಟ್‌ನ ಮಂಕು ಬೆಳಕು, ಅದರಡಿ ಪೇಪರು ಓದಲಾಗದು. ತಂತಿಯ ಬಲ್ಬಿನ ಲೆಕ್ಕವೇ ಹಾಗೆ. ಆಯುಷ್ಯ ಹೆಚ್ಚಾದರೆ ಬೆಳಕು ಕಡಿಮೆ, ಬೆಳಕು ಹೆಚ್ಚಾದರೆ ಆಯುಷ್ಯ ಕಡಿಮೆ.

ಇನ್ನು ಎಚ್‌ಎಂಟಿ ವಾಚು ಬಾಳಿದ್ದರಲ್ಲಿ ಬಸ್ ಸ್ಟ್ಯಾಂಡ್ ಪಕ್ಕದ ವಾಚ್ ರಿಪೇರಿಯವನ ಪಾಲೂ ಇದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮುಚ್ಚಳ ತೆಗೆದು, ಚಕ್ರ ಬಿಚ್ಚಿ, ಸೂಜಿಮೊನೆಯಷ್ಟು ಎಣ್ಣೆ ಬಿಡುತ್ತಿದ್ದ. ಆ ವಾಚು ಬಿಚ್ಚಲು ಬರುತ್ತಿತ್ತು. ಹಾಗೆ ನೋಡಿಕೊಳ್ಳದೆ ಕೆಟ್ಟು ಮೂಲೆ ಸೇರಿದ ವಾಚುಗಳನ್ನು ಯಾರೂ ಮಣಿಕಟ್ಟಿಗೆ ಕಟ್ಟಿಕೊಂಡು ಸಾಕ್ಷಿ ಹೇಳುವುದಿಲ್ಲ. ಇಂದಿನ ಮೊಬೈಲಿನ ಬೆನ್ನು ಅಂಟಿನಲ್ಲಿ ಮುಚ್ಚಿದೆ, ಬ್ಯಾಟರಿಯೂ ಅಂಟಿನಲ್ಲಿ ಕೂತಿದೆ. ಗಟ್ಟಿತನದ ಚರ್ಚೆ ಹೋಗಿ ನಿಲ್ಲಬೇಕಾದದ್ದು ಇಲ್ಲಿ. ಬಳಕೆದಾರ ತಾನೇ ಬ್ಯಾಟರಿ ತೆಗೆದು ಬದಲಿಸುವಂತಿರಬೇಕು ಎಂಬ ಯುರೋಪಿನ ಕಾನೂನು 2027ರ ಫೆಬ್ರವರಿ 18ರಿಂದ ಜಾರಿಗೆ ಬರಲೆಂದು ಗೊತ್ತುಮಾಡಲಾಗಿದೆ. ಭಾರತದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ 'ರಿಪೇರಿ ಹಕ್ಕು' ಪೋರ್ಟಲ್ ತೆರೆದಿದೆ. ಎಸ್.ಪಿ. ರೋಡಿನವರು ಯಾವ ಪೋರ್ಟಲ್ಲಿಗೂ ಕಾಯದೆ ಆ ಹಕ್ಕನ್ನು ಎಂದೋ ಚಲಾಯಿಸುತ್ತಿದ್ದಾರೆ.

ಒಂದು ಯಂತ್ರದ ಬುದ್ಧಿಯನ್ನು ಇನ್ನೊಂದಕ್ಕೆ ಹಚ್ಚುವ ಅಭ್ಯಾಸಕ್ಕೆ ಏಸಿ ರಿಮೋಟು ಒಳ್ಳೆಯ ಉದಾಹರಣೆ. ಬಿಸಿಲಲ್ಲಿ ಬಂದವರು ನೇರ 16ಕ್ಕೆ ಒತ್ತುತ್ತಾರೆ, ಬೇಗ ತಂಪಾಗಲಿ ಎಂದು. ಅದು ಗ್ಯಾಸ್ ಒಲೆಯ ಬುದ್ಧಿ: ಉರಿ ಜೋರು ಮಾಡಿದರೆ ಸಾರು ಬೇಗ ಕುದಿಯುತ್ತದೆ. ಸಾಮಾನ್ಯ ಏಸಿಯಲ್ಲಿ ಆ ಅಂಕಿ ಎಲ್ಲಿ ನಿಲ್ಲಬೇಕು ಎಂದಷ್ಟೇ ಹೇಳುತ್ತದೆ. 24ಕ್ಕಿಟ್ಟರೂ 16ಕ್ಕಿಟ್ಟರೂ ಕಂಪ್ರೆಸರ್ ಅದೇ ಜೋರಿನಲ್ಲಿ ದುಡಿಯುತ್ತದೆ. 16ರಲ್ಲಿ ಅದು ನಿಲ್ಲುವುದೇ ಇಲ್ಲ, ಮೀಟರು ಓಡುತ್ತಲೇ ಇರುತ್ತದೆ. 2020ರಿಂದ ನಮ್ಮಲ್ಲಿ ಮಾರುವ ಸ್ಟಾರ್ ಗುರುತಿನ ಏಸಿಗಳು 24 ಡಿಗ್ರಿಯಲ್ಲೇ ಚಾಲೂ ಆಗಬೇಕೆಂಬ ನಿಯಮ ಬಂದಿದೆ. ಆನ್ ಆದ ಮರುಕ್ಷಣ ಬೆರಳು ಎತ್ತ ಹೋಗುತ್ತದೆ ಎಂದು ಹೇಳಬೇಕಿಲ್ಲ.

ಟವರ್ ವಿಷಯಕ್ಕೆ ಬಂದರೆ ಮಾತಿಗೆ ಬಿಸಿ ಏರುತ್ತದೆ. 'ಟವರ್ ಬಂದ ಮೇಲೆ ಗುಬ್ಬಚ್ಚಿ ಹೋದವು' ಎನ್ನದ ಊರಿಲ್ಲ. 2018ರಲ್ಲಿ ಬಂದ '2.0' ಸಿನಿಮಾ ಅದನ್ನೇ ಕಥೆಯಾಗಿಸಿತು. ಗುಬ್ಬಿ ಕಾಣೆಯಾದ ನೋವು ನಿಜ. ಆದರೆ ಬ್ರಿಟನ್ನಿನಲ್ಲಿ ಗುಬ್ಬಿಗಳು ಕಡಿಮೆಯಾಗತೊಡಗಿದ್ದು 1970ರ ದಶಕದಲ್ಲಿ, ಅಲ್ಲಿ ಮೊದಲ ಮೊಬೈಲು ಕರೆ ಹೋದದ್ದು 1985ರ ಜನವರಿ 1ರಂದು. ಆರೋಪಿ ಹುಟ್ಟುವ ಮೊದಲೇ ಅಪರಾಧ ನಡೆದಿತ್ತು. ಭಾರತದ ಪಕ್ಷಿಗಳ ಸ್ಥಿತಿಗತಿ ಕುರಿತ 2020ರ ವರದಿ ಇನ್ನೂ ಕುತೂಹಲದ್ದು: ಒಟ್ಟು ದೇಶದಲ್ಲಿ ಗುಬ್ಬಿಗಳ ಸಂಖ್ಯೆ ಸುಮಾರಾಗಿ ಸ್ಥಿರವಾಗಿದೆ, ಇಳಿದಿರುವುದು ಬೆಂಗಳೂರೂ ಸೇರಿದಂತೆ ಆರು ಮಹಾನಗರಗಳಲ್ಲಿ. ಹಳ್ಳಿಗಳಲ್ಲೂ ಟವರುಗಳಿವೆ, ಗುಬ್ಬಿಗಳೂ ಇವೆ. ನಗರದಲ್ಲಿ ಹೋದದ್ದು ಗೂಡು ಕಟ್ಟಲು ಸಂದಿ ಕೊಡುತ್ತಿದ್ದ ಹೆಂಚಿನ ಮಾಡು, ಅಕ್ಕಿ ಕೇರುವ ಅಂಗಳ, ಮರಿಗಳಿಗೆ ಹುಳು ಸಿಗುತ್ತಿದ್ದ ಬೇಲಿ. ಟವರು ಎತ್ತರದಲ್ಲಿದೆ, ಕಣ್ಣಿಗೆ ಬೀಳುತ್ತದೆ. ಇಲ್ಲವಾದ ಹೆಂಚು ಕಣ್ಣಿಗೆ ಬೀಳುವುದಿಲ್ಲ.

'ಮೊಬೈಲಿನಿಂದ ಕ್ಯಾನ್ಸರ್ ಅಂತ ವಿಶ್ವಸಂಸ್ಥೆಯೇ ಹೇಳಿದೆ' ಎಂಬ ವಾದಕ್ಕೂ ಒಂದು ಮೂಲವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2011ರ ಮೇ ತಿಂಗಳಲ್ಲಿ ರೇಡಿಯೋ ತರಂಗಗಳನ್ನು '2ಬಿ' ಗುಂಪಿಗೆ ಸೇರಿಸಿತು. ಸಾಕ್ಷ್ಯ ಅಲ್ಪ, ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ ಎನ್ನುವಂಥವನ್ನು ಇಡುವ ಕಪಾಟು ಅದು. ಏಷ್ಯಾದ ಸಾಂಪ್ರದಾಯಿಕ ತರಕಾರಿ ಉಪ್ಪಿನಕಾಯಿಯೂ ಅದೇ ಕಪಾಟಿನಲ್ಲಿದೆ, ಮೂತ್ರಕೋಶದ ಕ್ಯಾನ್ಸರಿನ ಶಂಕೆಯ ಮೇಲೆ ಕಾಫಿಯೂ 2016ರ ತನಕ ಅಲ್ಲೇ ಇತ್ತು. ಸುದ್ದಿಯ ತಲೆಬರಹಕ್ಕೆ ಮೊಬೈಲು ಮಾತ್ರ ಸಿಕ್ಕಿತು. ಫಿಲ್ಟರ್ ಕಾಫಿ ಹೀರುತ್ತಾ, ಉಪ್ಪಿನಕಾಯಿ ನೆಂಚಿಕೊಳ್ಳುತ್ತಾ ಅದನ್ನು ಓದಿದವರು ಎಷ್ಟು ಜನವೋ.

ನಮ್ಮ ದೇಶದಲ್ಲಿ 2012ರ ಸೆಪ್ಟೆಂಬರಿನಿಂದ ಟವರುಗಳ ವಿಕಿರಣಕ್ಕೆ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಪಾಲನ್ನು ಗೊತ್ತುಮಾಡಲಾಗಿದೆ. ಫೋನಿನ ಮಿತಿ ದೇಹದ ಪ್ರತಿ ಕಿಲೋಗೆ 1.6 ವ್ಯಾಟ್. ಇಲ್ಲೊಂದು ತಮಾಷೆಯಿದೆ. ಟವರು ದೂರವಾದಷ್ಟೂ ಫೋನು ಜೋರಾಗಿ ಕೂಗಬೇಕಾಗುತ್ತದೆ, ಅಂದರೆ ತನ್ನ ತರಂಗದ ಬಲವನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ. ಬಡಾವಣೆಯವರು ಹೋರಾಡಿ ಟವರನ್ನು ಓಡಿಸಿದರೆ, ಕಿವಿಗಂಟಿದ ಫೋನಿನ ಪ್ರಸಾರ ಹೆಚ್ಚುತ್ತದೆ.

ಎಲ್ಲ ಮಾತಿನ ಬುಡದಲ್ಲೂ ಸತ್ಯದ ಬೀಜ ಇರುತ್ತದೆಂದೂ ತಿಳಿಯಬಾರದು. 2016ರ ನವೆಂಬರಿನಲ್ಲಿ ಹೊಸ 2000 ರೂಪಾಯಿ ನೋಟಿನೊಳಗೆ ನ್ಯಾನೊ ಚಿಪ್ ಇದೆ, ನೆಲದಡಿ ಹೂತಿಟ್ಟರೂ ಉಪಗ್ರಹ ಹುಡುಕುತ್ತದೆ ಎಂದು ಟಿವಿ ಚಾನೆಲ್ಲುಗಳೇ ಚಿತ್ರ ಬಿಡಿಸಿ ವಿವರಿಸಿದವು. ಫೋನು ಮನೆಯೊಳಗೆ ಬಂದರೇ ಉಪಗ್ರಹದ ಸಂಕೇತ ಸರಿಯಾಗಿ ಸಿಗದೆ ಮ್ಯಾಪು ತಡವರಿಸುತ್ತದೆ. ಬ್ಯಾಟರಿಯಿಲ್ಲದ, ಆಂಟೆನಾ ಇಲ್ಲದ ಕಾಗದ ನೆಲದಡಿಯಿಂದ ಆಕಾಶಕ್ಕೆ ಏನು ಹೇಳೀತು? ಜಿಪಿಎಸ್ ಎಂಬುದು ಕೇಳಿಸಿಕೊಳ್ಳುವ ವ್ಯವಸ್ಥೆ, ತಿರುಗಿ ಮಾತಾಡಲು ಬೇರೆಯದೇ ಸಲಕರಣೆ ಬೇಕು. ಆ ನೋಟುಗಳನ್ನು ವಾಪಸು ಪಡೆಯುವುದಾಗಿ ರಿಸರ್ವ್ ಬ್ಯಾಂಕು 2023ರ ಮೇ 19ರಂದು ಪ್ರಕಟಿಸಿದಾಗ ಜನ ಸಾಲು ನಿಂತು ತಾವೇ ತಂದುಕೊಡಬೇಕಾಯಿತು. ಯಾವ ಉಪಗ್ರಹವೂ ನೆರವಿಗೆ ಬರಲಿಲ್ಲ.

'ಇವತ್ತು ರಾತ್ರಿ 12.30ರಿಂದ 3.30ರ ತನಕ ಮಂಗಳನಿಂದ ಕಾಸ್ಮಿಕ್ ಕಿರಣ ಹಾಯುತ್ತದೆ, ಮೊಬೈಲು ಆಫ್ ಮಾಡಿ' ಎಂಬ ಸಂದೇಶದ ಬಗ್ಗೆ ಹೇಳುವುದೇನೂ ಇಲ್ಲ. ಆ 'ಇವತ್ತು ರಾತ್ರಿ' ಎಷ್ಟೋ ವರ್ಷಗಳಿಂದ ಬರುತ್ತಲೇ ಇದೆ. ಅದರಿಂದ ಒಂದು ಲಾಭವಿದೆ: ನಂಬಿದವರು ಮೂರು ಗಂಟೆ ಹೆಚ್ಚು ನಿದ್ದೆ ಮಾಡುತ್ತಾರೆ.

ಇಷ್ಟೆಲ್ಲ ಎಚ್ಚರಿಕೆಗಳ ನಡುವೆ, ನಿಜಕ್ಕೂ ಹೆದರಬೇಕಾದ ಒಂದು ಲಕ್ಷಣವನ್ನು ಜನ ನಗುತ್ತಾ ತೋರಿಸುತ್ತಾರೆ. 'ನೋಡಿ, ಫೋನು ಹೊಟ್ಟೆ ಬಂದು ದಪ್ಪ ಆಗಿದೆ.' ಬ್ಯಾಟರಿ ಉಬ್ಬಿ ಮುಚ್ಚಳ ಎದ್ದಿದೆ ಎಂದು ಅದರರ್ಥ. ಒಳಗೆ ಅನಿಲ ತುಂಬಿದ ಲಿಥಿಯಂ ಬ್ಯಾಟರಿಗೆ ಏಟು ಬಿದ್ದರೆ, ತೂತಾದರೆ ಹೊತ್ತಿಕೊಳ್ಳಬಹುದು. ಬ್ಯಾಟರಿಯ ದೋಷ ಏನು ಮಾಡಬಲ್ಲದೆಂದು 2016ರಲ್ಲಿ ಸ್ಯಾಮ್ಸಂಗ್‌ನ ಗ್ಯಾಲಕ್ಸಿ ನೋಟ್ 7 ತೋರಿಸಿತು. ಆಗಸ್ಟಿನಲ್ಲಿ ಬಿಡುಗಡೆಯಾದ ಫೋನನ್ನು ಅಲ್ಲಲ್ಲಿ ಬೆಂಕಿ ಹೊತ್ತಿದ ಕಾರಣ ಕಂಪನಿ ಸೆಪ್ಟೆಂಬರಿನಲ್ಲಿ ವಾಪಸು ಕರೆಯಿತು, ಅಕ್ಟೋಬರಿನಲ್ಲಿ ತಯಾರಿಕೆಯನ್ನೇ ನಿಲ್ಲಿಸಿತು. ವಿಮಾನಗಳಲ್ಲಿ ಆ ಫೋನಿನ ಹೆಸರು ಹಿಡಿದೇ ನಿರ್ಬಂಧದ ಪ್ರಕಟಣೆಗಳಾದವು.

ನಿಮ್ಮ ಮನೆಯ ಡ್ರಾಯರಿನಲ್ಲಿ ಹಳೆಯ ಫೋನೊಂದು ಬಿದ್ದಿದ್ದರೆ ಇವತ್ತೇ ತೆಗೆದು ಮೇಜಿನ ಮೇಲೆ ಮಲಗಿಸಿ ನೋಡಿ. ಸಮವಾಗಿ ಕೂರದೆ ಬುಗುರಿಯಂತೆ ತಿರುಗಿದರೆ ಅದನ್ನು ಮತ್ತೆ ಚಾರ್ಜಿಗೆ ಹಾಕಬೇಡಿ, ಒತ್ತಿ ಮುಚ್ಚಬೇಡಿ, ಪಿನ್ನು ಚುಚ್ಚಬೇಡಿ. ಹಸಿ ಕಸ, ಒಣ ಕಸ ಎರಡಕ್ಕೂ ಎಸೆಯಬೇಡಿ. ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ತಯಾರಕರ ಮೇಲೇ ಹೊರಿಸಿವೆ, ಆದ್ದರಿಂದ ಸರ್ವಿಸ್ ಸೆಂಟರಿಗೋ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೋ ಕೊಟ್ಟುಬನ್ನಿ. ಅಲ್ಲಿಯವರೆಗೆ ಬೆಂಕಿ ಹತ್ತುವ ವಸ್ತುಗಳಿಂದ ದೂರ, ಒಣ ಜಾಗದಲ್ಲಿಡಿ. ಅಕ್ಕಿ ಡಬ್ಬವಂತೂ ಬೇಡವೇ ಬೇಡ.